ದಿನವಿಡೀ ನಿಮ್ಮ ಎದುರಿಗೆ ಯಾರು? ಪುಟ್ಟ ಮಕ್ಕಳ ಶಿಕ್ಷಣ ಮತ್ತು ಕುಟುಂಬ ಸೇವೆಯಲ್ಲಿ ವೃತ್ತಿ ಆರಿಸಿಕೊಳ್ಳುವವರಿಗೆ

ಮಕ್ಕಳೆಂದರೆ ಪ್ರಾಣ ಎಂದು ಹೇಳಿಕೊಂಡು ಈ ಕ್ಷೇತ್ರಕ್ಕೆ ಬರುವವರು ಬಹಳ. ಆ ಪ್ರೀತಿ ಇಲ್ಲದೆ ಇಲ್ಲಿ ಒಂದು ವಾರವೂ ನಿಲ್ಲಲಾಗದು ಎಂಬುದು ನಿಜ. ಆದರೆ ಯಾವ ಕೆಲಸ ಹಿಡಿಯಬೇಕು ಎಂದು ಅದು ಹೇಳಿಕೊಡುವುದಿಲ್ಲ. ಹುಟ್ಟಿನಿಂದ ಎಂಟು ವರ್ಷದವರೆಗಿನ ಬಾಲ್ಯದ ಸುತ್ತ ಹತ್ತಾರು ಬಗೆಯ ಉದ್ಯೋಗಗಳಿವೆ. ಕೆಲವು ಕೆಲಸಗಳಲ್ಲಿ ಬೆಳಗಿನಿಂದ ಸಂಜೆಯವರೆಗೆ ಮಕ್ಕಳೇ. ಇನ್ನು ಕೆಲವು ಕೆಲಸಗಳಲ್ಲಿ ನೀವು ಮಗುವನ್ನು ಎತ್ತಿಕೊಳ್ಳುವುದೇ ಅಪರೂಪ. ಎದುರಿಗೆ ಕೂರುವವರು ನಿದ್ದೆಗೆಟ್ಟ ತಾಯಿ, ಮಾತು ಕಡಿಮೆಯ ತಂದೆ, ಸೊಸೆಯ ಮೇಲೆ ಮುನಿಸಿಕೊಂಡ ಅಜ್ಜಿ. ಆದ್ದರಿಂದ ಸಂಬಳ, ಪದವಿ, ಸಂಸ್ಥೆಯ ಹೆಸರು ಇವೆಲ್ಲಕ್ಕಿಂತ ಮೊದಲು ಕೇಳಿಕೊಳ್ಳಬೇಕಾದದ್ದು ಇದು: ದಿನದ ಬಹುಪಾಲು ನಿಮ್ಮ ಎದುರಿಗೆ ಯಾರಿರಬೇಕು? ಮಗುವೇ, ಮಗುವನ್ನು ಸಾಕುವ ದೊಡ್ಡವರೇ, ಅಥವಾ ಇವರಿಬ್ಬರಿಗಾಗಿ ದುಡಿಯುವ ಸಿಬ್ಬಂದಿಯೇ?

ಈ ಒಂದು ಪ್ರಶ್ನೆಯನ್ನು ಪ್ರಾಮಾಣಿಕವಾಗಿ ಬಗೆಹರಿಸಿಕೊಂಡರೆ ಉಳಿದ ಆಯ್ಕೆಗಳು ಎಷ್ಟೋ ಸಲೀಸಾಗುತ್ತವೆ. ನಾನು ಬಲ್ಲಂತೆ, ಈ ವೃತ್ತಿಯನ್ನು ಬೇಸತ್ತು ಬಿಟ್ಟವರಲ್ಲಿ ಅನೇಕರಿಗೆ ಪ್ರೀತಿಯ ಕೊರತೆಯಿರಲಿಲ್ಲ. ಅವರು ತಪ್ಪು ಕುರ್ಚಿಯಲ್ಲಿ ಕುಳಿತಿದ್ದರು, ಅಷ್ಟೆ.

ಮೂರರಿಂದ ಆರು ವರ್ಷದವರ ತರಗತಿ

ಹೆಚ್ಚಿನವರ ಮನಸ್ಸಿನಲ್ಲಿರುವ ಚಿತ್ರ ಇದೇ: ಬಣ್ಣದ ಕೋಣೆ, ಕಥೆ, ಹಾಡು, ಮಣ್ಣು, ಮರಳು. ಚಿತ್ರ ಸುಳ್ಳಲ್ಲ, ಆದರೆ ಅರ್ಧ ಮಾತ್ರ. ಬೆಳಗ್ಗೆ ಅಮ್ಮನ ಸೆರಗು ಬಿಡದೆ ಅಳುವ ಮಗುವಿನಿಂದ ದಿನ ಆರಂಭವಾಗುತ್ತದೆ. ಅದನ್ನು ಸಮಾಧಾನಪಡಿಸುತ್ತಿರುವಾಗಲೇ ಇನ್ನೊಂದು ಮೂಲೆಯಲ್ಲಿ ಒಬ್ಬ ಇನ್ನೊಬ್ಬನ ಮರದ ತುಂಡುಗಳ ಗೋಪುರ ಕೆಡವುತ್ತಾನೆ. ನೆಲದ ಮೇಲೆ ಕೂತು ಏಳುವುದರಲ್ಲೇ ಮೊಣಕಾಲು, ಸೊಂಟ ಸವೆಯುತ್ತವೆ. ಮೊದಲ ವರ್ಷವಂತೂ ಮಕ್ಕಳ ನೆಗಡಿ, ಕೆಮ್ಮು, ಜ್ವರ ಎಲ್ಲವೂ ನಿಮಗೂ ಬರುತ್ತವೆ. ಗಂಟಲನ್ನು ಕಾಪಾಡಿಕೊಳ್ಳುವುದನ್ನು ಕಲಿಯದವರು ಬೇಗ ಸೋಲುತ್ತಾರೆ.

ಈ ಕೆಲಸದ ನಿಜವಾದ ಕೌಶಲ ಹೊರಗಿನಿಂದ ನೋಡಿದವರಿಗೆ ಕಾಣುವುದಿಲ್ಲ. ನಾಲ್ಕು ವರ್ಷದ ಹುಡುಗಿ ಚಿಕ್ಕ ಹೂಜಿಯಿಂದ ಲೋಟಕ್ಕೆ ನೀರು ಬಗ್ಗಿಸುತ್ತಿದ್ದಾಳೆ ಎಂದುಕೊಳ್ಳಿ. ಕೈ ನಡುಗುತ್ತದೆ, ಲೋಟದ ಅಂಚಿನಲ್ಲಿ ನೀರು ತುಳುಕುತ್ತದೆ. ಪಕ್ಕದಲ್ಲಿರುವ ಹೊಸ ಶಿಕ್ಷಕಿಯ ಕೈ ತಾನಾಗಿ ಮುಂದಕ್ಕೆ ಹೋಗುತ್ತದೆ. ಪಳಗಿದ ಶಿಕ್ಷಕಿ ಕೈಯನ್ನು ಮಡಿಲಲ್ಲೇ ಇಟ್ಟುಕೊಂಡು ನೋಡುತ್ತಾಳೆ. ನೀರು ಚೆಲ್ಲಿದರೆ ಒರೆಸುವ ಬಟ್ಟೆ ಎಲ್ಲಿದೆ ಎಂಬುದು ಆ ಹುಡುಗಿಗೆ ಗೊತ್ತಿರುವಂತೆ ಕೋಣೆಯನ್ನು ಅವಳು ಮೊದಲೇ ಸಜ್ಜು ಮಾಡಿಟ್ಟಿರುತ್ತಾಳೆ. ಸುಮ್ಮನಿರುವುದು ಯಾವಾಗ, ಕೈಹಾಕುವುದು ಯಾವಾಗ ಎಂಬ ಈ ವಿವೇಚನೆಯೇ ತರಗತಿಯ ವಿದ್ಯೆ. ಅದು ಕೈಗೂಡಲು ವರ್ಷಗಳು ಬೇಕು.

ಪದ್ಧತಿಗಳ ನಡುವೆ ಆಯ್ಕೆ ಮಾಡುವುದೂ ಇಲ್ಲೇ ಬರುತ್ತದೆ. 1837ರಲ್ಲಿ ಜರ್ಮನಿಯ ಬ್ಲಾಂಕೆನ್‌ಬುರ್ಗ್‌ನಲ್ಲಿ ಫ್ರೆಡ್ರಿಕ್ ಫ್ರೋಬೆಲ್ ಆರಂಭಿಸಿದ ಸಂಸ್ಥೆಯಿಂದ ಕಿಂಡರ್‌ಗಾರ್ಟನ್ ಹುಟ್ಟಿತು; ಆಟವೇ ಮಗುವಿನ ಮುಖ್ಯ ಕೆಲಸ ಎಂಬ ನಂಬಿಕೆ ಅಲ್ಲಿಂದ ಹರಿದುಬಂದದ್ದು. ವೈದ್ಯೆಯಾಗಿದ್ದ ಮರಿಯಾ ಮಾಂಟೆಸ್ಸರಿ 1907ರಲ್ಲಿ ರೋಮ್ ನಗರದ ಸಾನ್ ಲೊರೆಂಜೊ ಎಂಬ ಬಡವರ ಬಡಾವಣೆಯಲ್ಲಿ ಮಕ್ಕಳ ಮನೆ ತೆರೆದರು. ಅವರ ಪದ್ಧತಿಯಲ್ಲಿ ಉಪಕರಣಗಳಿಗೆ ಕ್ರಮವಿದೆ, ಮೂರರಿಂದ ಆರು ವರ್ಷದವರು ಒಂದೇ ಕೋಣೆಯಲ್ಲಿರುತ್ತಾರೆ, ಕೆಲಸದ ಹೊತ್ತಿನಲ್ಲಿ ಮಗುವಿಗೆ ಅಡ್ಡಿಪಡಿಸುವಂತಿಲ್ಲ. ಇಟಲಿಯ ರೆಜ್ಜೊ ಎಮಿಲಿಯಾದಲ್ಲಿ ಎರಡನೇ ಮಹಾಯುದ್ಧ ಮುಗಿದ ಕೂಡಲೇ ಊರಿನ ಜನರೇ ಶಾಲೆ ಕಟ್ಟಲು ಮುಂದಾದರು. ಶಿಕ್ಷಕ ಲೋರಿಸ್ ಮಲಗುಟ್ಸಿ ಆ ಜನರ ಜೊತೆ ನಿಂತು ಬೆಳೆಸಿದ ಪದ್ಧತಿಯಲ್ಲಿ ಶಿಕ್ಷಕರು ಮಕ್ಕಳ ಮಾತು, ಚಿತ್ರ, ಪ್ರಶ್ನೆಗಳನ್ನು ದಾಖಲಿಸುತ್ತ ಅವುಗಳಿಂದಲೇ ಮುಂದಿನ ಕಲಿಕೆಯನ್ನು ಹೆಣೆಯುತ್ತಾರೆ.

ಯಾವುದು ಶ್ರೇಷ್ಠ ಎಂಬ ವಾದಕ್ಕೆ ಇಳಿಯಬೇಡಿ. ನಿಮ್ಮ ಸ್ವಭಾವಕ್ಕೆ ಯಾವುದು ಒಗ್ಗುತ್ತದೆ ಎಂದು ನೋಡಿ. ಅಚ್ಚುಕಟ್ಟು, ಕ್ರಮ, ಮೌನ ಇಷ್ಟವಿದ್ದು, ತರಬೇತಿಗೆ ಪೂರ್ತಿ ಸಮಯ ಕೊಡಬಲ್ಲವರಿಗೆ ಮಾಂಟೆಸ್ಸರಿ ಹಿಡಿಸುತ್ತದೆ. ಬರೆಯುವುದು, ಚಿತ್ರ, ಸಹೋದ್ಯೋಗಿಗಳ ಜೊತೆ ಗಂಟೆಗಟ್ಟಲೆ ಚರ್ಚೆ ಇಷ್ಟವಿರುವವರಿಗೆ ರೆಜ್ಜೊ ರೀತಿ ಹಿಡಿಸುತ್ತದೆ. ಮಾಂಟೆಸ್ಸರಿ ಬಗ್ಗೆ ಒಂದು ಎಚ್ಚರಿಕೆ: ಆ ಹೆಸರನ್ನು ಯಾವ ಶಾಲೆ ಬೇಕಾದರೂ ಹಾಕಿಕೊಳ್ಳುವ ಪರಿಸ್ಥಿತಿ ಅನೇಕ ದೇಶಗಳಲ್ಲಿದೆ. ನಿಮಗೆ ಸಿಗುವ ಪ್ರಮಾಣಪತ್ರವನ್ನು ಬೇರೆ ಊರಿನಲ್ಲಿ, ಬೇರೆ ದೇಶದಲ್ಲಿ ಮಾನ್ಯ ಮಾಡುತ್ತಾರೆಯೇ ಎಂದು ಹಣ ಕಟ್ಟುವ ಮೊದಲೇ ವಿಚಾರಿಸಿ. ಮಾಂಟೆಸ್ಸರಿಯವರೇ 1929ರಲ್ಲಿ ಸ್ಥಾಪಿಸಿದ ಅಂತರರಾಷ್ಟ್ರೀಯ ಸಂಘ ಇಂದಿಗೂ ತರಬೇತಿ ನೀಡುತ್ತದೆ. ಸರ್ಕಾರಿ ಶಾಲೆಗೆ ಹೊಂದಿಕೊಂಡ ಪೂರ್ವ ಪ್ರಾಥಮಿಕ ತರಗತಿ ನಿಮ್ಮ ಗುರಿಯಾಗಿದ್ದರೆ ಪದ್ಧತಿಯ ಪ್ರಮಾಣಪತ್ರ ಸಾಲದು, ಮಾನ್ಯತೆ ಪಡೆದ ಶಿಕ್ಷಣ ಪದವಿ ಬೇಕಾಗುವ ಸಂಭವವೇ ಹೆಚ್ಚು.

ಕೈಗೂಸುಗಳ ಕೋಣೆ

ಇದನ್ನು ಬೇರೆಯಾಗಿ ಬರೆಯಲು ಕಾರಣವಿದೆ. ಹುಟ್ಟಿನಿಂದ ಮೂರು ವರ್ಷದವರ ಆರೈಕೆಯನ್ನು ಜನ ಆಯಮ್ಮನ ಕೆಲಸ ಎಂದು ತಳ್ಳಿಹಾಕುತ್ತಾರೆ, ಮತ್ತು ಮಗು ಚಿಕ್ಕದಾದಷ್ಟೂ ನೋಡಿಕೊಳ್ಳುವವರ ಸಂಬಳ ಕಡಿಮೆಯಾಗುವುದು ಹೆಚ್ಚಿನ ದೇಶಗಳಲ್ಲಿ ಕಾಣುವ ಸಂಗತಿ. ಇದು ದೊಡ್ಡ ಅನ್ಯಾಯ. ಮಿದುಳು ಅತಿ ವೇಗವಾಗಿ ಬೆಳೆಯುವ ಆ ವರ್ಷಗಳನ್ನು ಅತಿ ಕಡಿಮೆ ಸಂಬಳದ ಕೈಗಳಿಗೆ ಒಪ್ಪಿಸಿ ನಾವು ನೆಮ್ಮದಿಯಾಗಿದ್ದೇವೆ.

ಮಕ್ಕಳ ವೈದ್ಯೆ ಎಮ್ಮಿ ಪಿಕ್ಲರ್ 1946ರಲ್ಲಿ ಬುಡಾಪೆಸ್ಟ್‌ನಲ್ಲಿ ತಂದೆತಾಯಿಯಿಂದ ದೂರವಾದ ಶಿಶುಗಳಿಗಾಗಿ ಒಂದು ಗೃಹ ಆರಂಭಿಸಿದರು. ಅಲ್ಲಿಂದ ಬಂದ ಆರೈಕೆಯ ರೀತಿಯನ್ನು ಒಂದು ಚಿಕ್ಕ ಉದಾಹರಣೆಯಲ್ಲಿ ಕಾಣಬಹುದು. ಬಟ್ಟೆ ಬದಲಿಸುವಾಗ ಆರೈಕೆದಾರಳು ಮೊದಲು ಅಂಗಿಯನ್ನು ಮಗುವಿಗೆ ತೋರಿಸುತ್ತಾಳೆ. ‘ಈಗ ನಿನ್ನ ಕೈ ಹಾಕೋಣ’ ಎಂದು ಹೇಳಿ ತಡೆಯುತ್ತಾಳೆ. ಆರೇಳು ತಿಂಗಳ ಕೂಸು ತಾನೇ ತೋಳನ್ನು ಸ್ವಲ್ಪ ಮುಂದಕ್ಕೆ ಚಾಚುತ್ತದೆ. ಆಗಷ್ಟೇ ತೋಳು ಅಂಗಿಯೊಳಗೆ ಹೋಗುತ್ತದೆ. ದಿನಕ್ಕೆ ಹಲವು ಬಾರಿ, ಪ್ರತಿ ಮಗುವಿನೊಂದಿಗೂ ಇದೇ ತಾಳ್ಮೆ. ತನ್ನ ಮೈಗೆ ಗೌರವವಿದೆ, ತನ್ನ ಒಪ್ಪಿಗೆಗೆ ಬೆಲೆಯಿದೆ ಎಂದು ಮಗು ಕಲಿಯುವ ಮೊದಲ ಪಾಠ ಇದು.

ಹೀಗೆ ಮಾಡಬೇಕಾದರೆ ಒಬ್ಬರ ಕೈಯಲ್ಲಿ ಎಷ್ಟು ಕೂಸುಗಳಿವೆ ಎಂಬುದೇ ನಿರ್ಣಾಯಕ. ಅಮೆರಿಕದ ಪುಟ್ಟ ಮಕ್ಕಳ ಶಿಕ್ಷಣದ ರಾಷ್ಟ್ರೀಯ ಸಂಘ ಕೈಗೂಸುಗಳಿಗೆ ನಾಲ್ಕಕ್ಕೆ ಒಬ್ಬರು, ನಾಲ್ಕೈದು ವರ್ಷದವರಿಗೆ ಹತ್ತಕ್ಕೆ ಒಬ್ಬರು ಎಂಬ ಅಳತೆ ಇಟ್ಟುಕೊಂಡಿದೆ. ನೀವು ಎಲ್ಲೇ ಇರಿ, ಈ ಅಂಕಿಯನ್ನು ನೆನಪಿನಲ್ಲಿಡಿ. ಒಬ್ಬರಿಗೆ ಎಂಟು ಕೂಸು ಕೊಡುವ ಕಡೆ ನಿಮ್ಮ ಒಳ್ಳೆಯತನ ಉಳಿಯುವುದಿಲ್ಲ. ಅದು ನಿಮ್ಮ ಸ್ವಭಾವದ ದೋಷವಲ್ಲ, ಕೈಗಳು ಎರಡೇ.

ಗದ್ದಲಕ್ಕಿಂತ ನಿಧಾನ ಇಷ್ಟವಾದರೆ, ಮಾತಿಲ್ಲದ ಮಗುವಿನ ಮುಖ ಓದುವುದರಲ್ಲಿ ನಿಮಗೆ ಸಂತೋಷವಿದ್ದರೆ ಈ ಕೋಣೆ ನಿಮ್ಮದು. ಸಂಬಳದ ಮಾತನ್ನು ಮಾತ್ರ ಮುಂಚಿತವಾಗಿಯೇ ಲೆಕ್ಕ ಹಾಕಿಕೊಳ್ಳಿ.

ಮನೆಭೇಟಿಯ ಕೆಲಸ

ಕುಟುಂಬ ಸೇವೆಯಲ್ಲಿ ನಾನು ಎಲ್ಲಕ್ಕಿಂತ ಹೆಚ್ಚು ಗೌರವಿಸುವ ಕೆಲಸ ಇದು. ಹೊಸಬರು ಎಲ್ಲಕ್ಕಿಂತ ಕಡಿಮೆ ಅರ್ಥ ಮಾಡಿಕೊಂಡಿರುವುದೂ ಇದನ್ನೇ.

ಜಮೈಕಾದ ಕಿಂಗ್‌ಸ್ಟನ್‌ನಲ್ಲಿ 1986-87ರಲ್ಲಿ ಸ್ಯಾಲಿ ಗ್ರಾಂಥಮ್-ಮೆಕ್‌ಗ್ರೆಗರ್ ಮತ್ತು ಸಂಗಡಿಗರು ಒಂದು ಅಧ್ಯಯನ ಆರಂಭಿಸಿದರು. ಅಪೌಷ್ಟಿಕತೆಯಿಂದ ಬೆಳವಣಿಗೆ ಕುಂಠಿತಗೊಂಡ, ಒಂಬತ್ತರಿಂದ ಇಪ್ಪತ್ತನಾಲ್ಕು ತಿಂಗಳ 129 ಮಕ್ಕಳು ಅದರಲ್ಲಿದ್ದರು. ಒಂದು ಭಾಗದ ಮಕ್ಕಳ ಮನೆಗೆ ಸಮುದಾಯದ ಆರೋಗ್ಯ ಸಹಾಯಕಿಯರು ವಾರಕ್ಕೊಮ್ಮೆ ಹೋಗಿ ಒಂದು ಗಂಟೆ ಇರುತ್ತಿದ್ದರು. ಮನೆಯಲ್ಲಿ ಸಿಗುವ ವಸ್ತುಗಳಿಂದಲೇ ಮಾಡಿದ ಆಟಿಕೆಗಳನ್ನು ಹಿಡಿದು, ಮಗುವಿನೊಂದಿಗೆ ಹೇಗೆ ಆಡಬೇಕು, ಹೇಗೆ ಮಾತಾಡಬೇಕು ಎಂದು ತಾಯಂದಿರಿಗೆ ತೋರಿಸುತ್ತಿದ್ದರು. ಇದು ಎರಡು ವರ್ಷ ನಡೆಯಿತು. ಇಪ್ಪತ್ತು ವರ್ಷಗಳ ನಂತರ ಆ ಮಕ್ಕಳ ಗಳಿಕೆ, ಭೇಟಿ ಸಿಗದವರ ಗಳಿಕೆಗಿಂತ ಶೇ. 25ರಷ್ಟು ಹೆಚ್ಚಿತ್ತೆಂದು 2014ರಲ್ಲಿ ಪ್ರಕಟವಾಯಿತು. ಅದೇ ಅಧ್ಯಯನದಲ್ಲಿ ಪೌಷ್ಟಿಕ ಆಹಾರವನ್ನಷ್ಟೇ ಪಡೆದ ಇನ್ನೊಂದು ಗುಂಪಿನವರಲ್ಲಿ ಅಂಥ ದೀರ್ಘಕಾಲದ ಲಾಭ ಕಾಣಲಿಲ್ಲ. ಆ ಸಹಾಯಕಿಯರು ದೊಡ್ಡ ಪದವೀಧರರಾಗಿರಲಿಲ್ಲ ಎಂಬುದನ್ನು ಗಮನಿಸಿ. ಈ ವೃತ್ತಿಗೆ ಓದು ಬೇಡವೆಂದು ನಾನು ಹೇಳುತ್ತಿಲ್ಲ. ಚೆನ್ನಾದ ತರಬೇತಿ, ನಿಯತವಾದ ಮೇಲ್ವಿಚಾರಣೆ ಸಿಕ್ಕರೆ ಸಾಮಾನ್ಯ ಶಿಕ್ಷಣದವರೂ ಇಲ್ಲಿ ದೊಡ್ಡ ಕೆಲಸ ಮಾಡಬಲ್ಲರು ಎನ್ನುತ್ತಿದ್ದೇನೆ.

ಇದೇ ಕೆಲಸಕ್ಕೆ ಇನ್ನೊಂದು ಮಾದರಿಯೂ ಇದೆ. ಡೇವಿಡ್ ಓಲ್ಡ್ಸ್ 1977ರಲ್ಲಿ ನ್ಯೂಯಾರ್ಕ್ ರಾಜ್ಯದ ಎಲ್ಮೈರಾದಲ್ಲಿ ಆರಂಭಿಸಿದ ಪ್ರಯೋಗದಲ್ಲಿ ಚೊಚ್ಚಲ ಗರ್ಭಿಣಿಯರ ಮನೆಗೆ ಹೋಗುತ್ತಿದ್ದವರು ನರ್ಸ್‌ಗಳು. ಮಗುವಿಗೆ ಎರಡು ವರ್ಷ ತುಂಬುವವರೆಗೆ ಭೇಟಿ ನಡೆಯುತ್ತಿತ್ತು. ನರ್ಸಿಂಗ್ ಓದಿದವರು ಕುಟುಂಬ ಸೇವೆಗೆ ಬರಬಯಸಿದರೆ ಹೊಸದಾಗಿ ಶಿಕ್ಷಣದ ಪದವಿ ಮಾಡಬೇಕಿಲ್ಲ, ಅವರ ದಾರಿ ಈ ಕಡೆಯಿಂದ ತೆರೆದಿದೆ.

ಮನೆಭೇಟಿಯಲ್ಲಿ ಮೊದಲು ಕಲಿಯಬೇಕಾದದ್ದು ಹಿಂದೆ ಸರಿಯುವುದನ್ನು. ನೀವು ಒಳಗೆ ಬಂದ ಕೂಡಲೇ ತಾಯಿ ಮಗುವನ್ನು ನಿಮ್ಮ ಕೈಗೆ ಕೊಟ್ಟು ಬೇರೆ ಕೆಲಸಕ್ಕೆ ಏಳುತ್ತಾಳೆ; ಕಲಿಸುವವರು ಬಂದಿದ್ದಾರೆ, ಕಲಿಸಲಿ ಎಂದುಕೊಳ್ಳುತ್ತಾಳೆ. ಆಗ ನೀವು ಚೀಲದಿಂದ ಎರಡು ಬಟ್ಟಲು ತೆಗೆದು ಅವಳ ಕೈಗೇ ಕೊಡಬೇಕು. ಅವಳು ಒಂದು ಬಟ್ಟಲಿನ ಕೆಳಗೆ ಏನಾದರೂ ಬಚ್ಚಿಡುತ್ತಾಳೆ. ಮಗು ಎತ್ತಿ ನೋಡಿ ನಗುತ್ತದೆ, ಅವಳ ಮುಖ ನೋಡುತ್ತದೆ. ‘ನಿಮ್ಮನ್ನೇ ನೋಡಿ ನಕ್ಕಿತು ನೋಡಿ’ ಎಂದು ನೀವು ಹೇಳುವ ಒಂದು ಮಾತು ಅರ್ಧ ಗಂಟೆಯ ಉಪದೇಶಕ್ಕಿಂತ ಹೆಚ್ಚು ಕೆಲಸ ಮಾಡುತ್ತದೆ. ಮಗು ನಿಮ್ಮನ್ನು ಹಚ್ಚಿಕೊಳ್ಳಲಿ ಎಂದು ಹಂಬಲಿಸುವವರಿಗೆ ಈ ಕೆಲಸ ಕಷ್ಟ. ಇಲ್ಲಿ ಮಗು ಅಮ್ಮನನ್ನೇ ಇನ್ನಷ್ಟು ಹಚ್ಚಿಕೊಂಡರೆ ನೀವು ಗೆದ್ದಿರಿ.

ಕಷ್ಟಗಳನ್ನೂ ಮುಚ್ಚಿಡುವುದಿಲ್ಲ. ಹೇಳಿದ ಹೊತ್ತಿಗೆ ಹೋದರೆ ಬಾಗಿಲು ತೆರೆಯುವುದಿಲ್ಲ. ಓಡಾಟಕ್ಕೇ ದಿನದ ಬಹಳ ಹೊತ್ತು ಹೋಗುತ್ತದೆ. ಪಕ್ಕದಲ್ಲಿ ಸಹೋದ್ಯೋಗಿ ಇರುವುದಿಲ್ಲ. ಮನೆಯೊಳಗಿನ ಹಿಂಸೆ, ಕುಡಿತ, ಖಿನ್ನತೆ ಕಣ್ಣಿಗೆ ಬೀಳುತ್ತವೆ. ಮಗುವಿಗೆ ಅಪಾಯವಿದೆ ಎನಿಸಿದಾಗ ವರದಿ ಮಾಡಲೇಬೇಕೆಂಬ ಕಾನೂನು ಅನೇಕ ದೇಶಗಳಲ್ಲಿದೆ. ತಿಂಗಳುಗಟ್ಟಲೆ ಗಳಿಸಿದ ವಿಶ್ವಾಸವನ್ನು ಪಣಕ್ಕಿಟ್ಟು ಆ ವರದಿ ಬರೆಯುವ ರಾತ್ರಿ ಬಹಳ ಉದ್ದವಾಗಿರುತ್ತದೆ. ಆದ್ದರಿಂದಲೇ ಇಲ್ಲಿ ಮೇಲ್ವಿಚಾರಕರೆಂದರೆ ಹಾಜರಾತಿ ನೋಡುವವರಲ್ಲ. ಶಿಶುಗಳ ಮಾನಸಿಕ ಆರೋಗ್ಯದ ಕೆಲಸಕ್ಕೆ 1970ರ ದಶಕದಲ್ಲಿ ಮಿಷಿಗನ್‌ನಲ್ಲಿ ಅಡಿಪಾಯ ಹಾಕಿದ ಸೆಲ್ಮಾ ಫ್ರೈಬರ್ಗ್ ಅವರ ಪರಂಪರೆಯಲ್ಲಿ, ಕಾರ್ಯಕರ್ತೆ ನಿಗದಿತ ಹೊತ್ತಿನಲ್ಲಿ ಮೇಲ್ವಿಚಾರಕಿಯ ಎದುರು ಕೂತು ತಾನು ಕಂಡದ್ದನ್ನು, ತನಗೆ ಅನಿಸಿದ್ದನ್ನು ಹೇಳಿಕೊಳ್ಳುವುದು ಕೆಲಸದ ಭಾಗವೇ. ಈ ವ್ಯವಸ್ಥೆ ಇಲ್ಲದ ಮನೆಭೇಟಿ ಉದ್ಯೋಗವನ್ನು, ಸಂಬಳ ಎಷ್ಟೇ ಇರಲಿ, ನಾನು ಯಾರಿಗೂ ಹೇಳುವುದಿಲ್ಲ.

ಮಕ್ಕಳ ರಕ್ಷಣೆ, ಬೇರೆಯವರ ಮಕ್ಕಳನ್ನು ಕೆಲಕಾಲ ಸಾಕುವ ಪೋಷಕ ಕುಟುಂಬ, ದತ್ತು ಈ ವಿಭಾಗಗಳೂ ಕುಟುಂಬ ಸೇವೆಯೇ. ಆದರೆ ಅಲ್ಲಿ ಕಡತ, ನ್ಯಾಯಾಲಯ, ಗಡುವು ಇವುಗಳ ಭಾರ ಬೇರೆಯೇ ತೂಕದ್ದು, ಮತ್ತು ಓದು ಸಮಾಜಕಾರ್ಯದ್ದಾಗಿರಬೇಕು. ಪುಟ್ಟ ಮಕ್ಕಳ ಶಿಕ್ಷಣ ಓದಿದವರು ನೇರವಾಗಿ ಅಲ್ಲಿಗೆ ಹಾರಬೇಡಿ.

ಬೆಳವಣಿಗೆಯಲ್ಲಿ ಹಿಂದುಳಿದ ಮಕ್ಕಳೊಂದಿಗೆ

ಎರಡು ವರ್ಷವಾದರೂ ಮಾತು ಬಾರದ, ನಡೆಯದ, ಕಣ್ಣಿಗೆ ಕಣ್ಣು ಕೊಡದ ಮಗುವಿಗೆ ಬೇಗನೆ ನೆರವು ಸಿಕ್ಕರೆ ವ್ಯತ್ಯಾಸ ದೊಡ್ಡದು. ವಿಶೇಷ ಶಿಕ್ಷಕರು, ಮಾತಿನ ಚಿಕಿತ್ಸಕರು, ಫಿಸಿಯೋಥೆರಪಿಸ್ಟ್‌ಗಳು ಒಟ್ಟಾಗಿ ಮಾಡುವ ಈ ಕೆಲಸದಲ್ಲಿ ಮಗುವೂ ಎದುರಿಗಿರುತ್ತದೆ, ಮನೆಯವರೂ ಇರುತ್ತಾರೆ. ಅಮೆರಿಕದ 1986ರ ಕಾನೂನು ಹುಟ್ಟಿನಿಂದ ಮೂರು ವರ್ಷದವರಿಗೆ ಇಂಥ ಸೇವೆಯ ಏರ್ಪಾಡು ಮಾಡಿದಾಗ, ಬರೆಯಬೇಕಾದ ಯೋಜನೆಯನ್ನು ಮಗುವಿನ ಯೋಜನೆ ಎನ್ನದೆ ಕುಟುಂಬದ ಯೋಜನೆ ಎಂದಿತು. ವಾರದಲ್ಲಿ ಒಂದು ಗಂಟೆ ಬರುವ ಚಿಕಿತ್ಸಕರಿಗಿಂತ ಸ್ನಾನ, ಊಟ, ನಿದ್ದೆಯ ಹೊತ್ತಿನಲ್ಲಿ ಜೊತೆಗಿರುವವರೇ ಮಗುವಿಗೆ ಹೆಚ್ಚು ಕಲಿಸುತ್ತಾರೆ ಎಂಬ ತಿಳಿವಳಿಕೆ ಅದರ ಹಿಂದಿದೆ.

ಈ ಕ್ಷೇತ್ರದಲ್ಲಿ ಸಂಬಳ, ಗೌರವ, ಉದ್ಯೋಗ ಭದ್ರತೆ ಮೂರೂ ಸಾಮಾನ್ಯವಾಗಿ ಮೇಲು. ಓದಿನ ಹಾದಿಯೂ ಉದ್ದ: ಪ್ರತ್ಯೇಕ ಪದವಿ, ಮೇಲ್ವಿಚಾರಣೆಯಲ್ಲಿ ಅಭ್ಯಾಸ, ನೋಂದಣಿ ಎಲ್ಲವೂ ಬೇಕು. ನಡುವೆ ದಾರಿ ಬದಲಿಸಿದರೆ ಓದಿದ್ದು ಬೇರೆಡೆ ಪೂರ್ತಿ ಉಪಯೋಗಕ್ಕೆ ಬಾರದು. ಮುಖ್ಯವಾಗಿ, ತಂದೆತಾಯಿ ಕೇಳಲು ಬಯಸದ ಮಾತನ್ನು ಅವರ ಕಣ್ಣು ನೋಡಿ ಹೇಳುವ ಗಟ್ಟಿತನ ನಿಮಗಿರಬೇಕು. ‘ಇನ್ನೂ ಸ್ವಲ್ಪ ದಿನ ನೋಡೋಣ, ಸರಿಹೋಗುತ್ತದೆ’ ಎಂದು ಸಮಾಧಾನ ಹೇಳುವುದು ಸುಲಭ. ಅದರ ಬೆಲೆಯನ್ನು ಮಗು ತೆರುತ್ತದೆ.

ಆಡಳಿತ, ತರಬೇತಿ, ಸಂಶೋಧನೆ

ಕೇಂದ್ರದ ಮುಖ್ಯಸ್ಥರು, ಶಿಕ್ಷಕರ ತರಬೇತುದಾರರು, ನೀತಿ ರೂಪಿಸುವವರು ಎಲ್ಲರೂ ಬೇಕು. ನನ್ನ ಅಭಿಪ್ರಾಯ ಖಚಿತವಾಗಿದೆ: ಕೆಲವು ವರ್ಷ ನೆಲದ ಮೇಲೆ ಕೂತು ಮಕ್ಕಳೊಂದಿಗೆ ಕೆಲಸ ಮಾಡದವರು ಈ ಕುರ್ಚಿಗೆ ಬರಬಾರದು. ಬಂದವರು ಕೈಗೂಸುಗಳ ಕೋಣೆಯ ಸಿಬ್ಬಂದಿಯನ್ನು ಲೆಕ್ಕದ ಪುಸ್ತಕದಲ್ಲಿ ಮೊದಲು ಕಡಿತ ಮಾಡುತ್ತಾರೆ.

ಪಕ್ಕಪಕ್ಕದಲ್ಲಿ ಇಟ್ಟು ನೋಡಿದಾಗ

ಫಲ ಕಾಣುವ ವೇಗದಲ್ಲಿ ಇವು ತೀರ ಬೇರೆ. ತರಗತಿಯಲ್ಲಿ ಫಲ ದಿನದಿನವೂ ಕಾಣುತ್ತದೆ. ನಿನ್ನೆ ಗುಂಡಿ ಹಾಕಿಕೊಳ್ಳಲಾರದವನು ಇಂದು ಹಾಕಿಕೊಳ್ಳುತ್ತಾನೆ. ಮನೆಭೇಟಿಯಲ್ಲಿ ಅರ್ಧ ವರ್ಷ ಏನೂ ನಡೆಯದಂತೆ ತೋರಬಹುದು. ತಾಯಿ ಹೊಡೆಯುವ ಬದಲು ಮಾತಾಡಿದ ಒಂದು ಸಂಜೆ ನಿಮ್ಮ ಗೆಲುವು, ಅದನ್ನು ನೋಡಲು ನೀವು ಅಲ್ಲಿರುವುದೂ ಇಲ್ಲ. ದಣಿವೂ ಅಷ್ಟೆ. ತರಗತಿಯ ದಣಿವು ಮೈಗೆ, ಒಂದು ರಾತ್ರಿ ಮಲಗಿದರೆ ಬಹುಮಟ್ಟಿಗೆ ಇಳಿಯುತ್ತದೆ. ಕುಟುಂಬ ಸೇವೆಯ ದಣಿವು ಮನಸ್ಸಿಗೆ, ರಜೆಯ ದಿನವೂ ಬೆನ್ನು ಬಿಡುವುದಿಲ್ಲ.

ಎರಡರ ನಡುವೆ ಗೋಡೆಯಿದೆ ಎಂದು ಮಾತ್ರ ತಿಳಿಯಬೇಡಿ. ಮಿಷಿಗನ್‌ನ ಇಪ್ಸಿಲಾಂಟಿಯಲ್ಲಿ 1962ರಿಂದ 1967ರವರೆಗೆ ನಡೆದ ಪೆರಿ ಪ್ರಿಸ್ಕೂಲ್ ಪ್ರಯೋಗವನ್ನು ಜಗತ್ತೆಲ್ಲ ಶಾಲಾಪೂರ್ವ ಶಿಕ್ಷಣದ ಸಾಕ್ಷಿಯೆಂದು ಎತ್ತಿಹಿಡಿಯುತ್ತದೆ. 123 ಮಕ್ಕಳಲ್ಲಿ 58 ಮಕ್ಕಳು ತರಗತಿಗೆ ಬಂದರು, ಎಲ್ಲರನ್ನೂ ನಲವತ್ತು ವರ್ಷ ದಾಟುವವರೆಗೆ ಅನುಸರಿಸಿ ನೋಡಲಾಯಿತು. ಹೂಡಿದ ಹಣಕ್ಕೆ ಸಮಾಜಕ್ಕೆ ವರ್ಷಕ್ಕೆ ಶೇ. 7ರಿಂದ 10ರಷ್ಟು ಪ್ರತಿಫಲ ಬಂದಿತೆಂದು ಅರ್ಥಶಾಸ್ತ್ರಜ್ಞ ಜೇಮ್ಸ್ ಹೆಕ್‌ಮನ್ ಮತ್ತು ಸಂಗಡಿಗರು ಲೆಕ್ಕ ಹಾಕಿದರು. ಜನ ಮರೆಯುವ ಸಂಗತಿಯೆಂದರೆ, ಬೆಳಗ್ಗೆ ಎರಡೂವರೆ ಗಂಟೆ ತರಗತಿ ನಡೆಸುತ್ತಿದ್ದ ಆ ಶಿಕ್ಷಕಿಯರೇ ವಾರಕ್ಕೊಮ್ಮೆ ಪ್ರತಿ ಮಗುವಿನ ಮನೆಗೆ ಹೋಗಿ ತಾಯಿಯೊಂದಿಗೆ ಒಂದೂವರೆ ಗಂಟೆ ಕಳೆಯುತ್ತಿದ್ದರು. ಗುಂಪು ಚಿಕ್ಕದಾದ್ದರಿಂದ ಆ ಅಂಕಿಗಳನ್ನು ಎಲ್ಲ ಕಡೆಗೂ ಅನ್ವಯಿಸುವಂತಿಲ್ಲ. ಆದರೂ ಎರಡೂ ಕೆಲಸ ಬೆರೆತ ಹುದ್ದೆ ಎಲ್ಲಾದರೂ ಕಂಡರೆ, ಸಂಬಳ ಸ್ವಲ್ಪ ಕಡಿಮೆಯಾದರೂ ಅದನ್ನೇ ಹಿಡಿಯಿರಿ ಎನ್ನುತ್ತೇನೆ.

ಇನ್ನೂ ಗೊಂದಲದಲ್ಲಿರುವವರು ತರಗತಿಯಿಂದ ಆರಂಭಿಸುವುದು ಒಳ್ಳೆಯದು. ಎರಡು ಮೂರು ವರ್ಷ ಹತ್ತಾರು ಮಕ್ಕಳನ್ನು ಹತ್ತಿರದಿಂದ ನೋಡಿದವರಿಗೆ ಸಹಜ ಬೆಳವಣಿಗೆ ಎಂದರೇನು, ಅದರ ಹರವು ಎಷ್ಟು ಎಂಬುದು ಕಣ್ಣಿಗೆ ಕೂರುತ್ತದೆ. ಆ ಕಣ್ಣು ಮನೆಭೇಟಿಗೂ ಬೇಕು, ಚಿಕಿತ್ಸೆಗೂ ಬೇಕು, ಆಡಳಿತಕ್ಕೂ ಬೇಕು. ತರಗತಿಯಿಂದ ಮನೆಗಳ ಕಡೆಗೆ ಹೋಗುವುದು ಸುಲಭ, ತಿರುಗಿ ಬರುವುದು ಅಷ್ಟು ಸುಲಭವಲ್ಲ. ಇದಕ್ಕೆ ಅಪವಾದ, ಗದ್ದಲದಲ್ಲಿ ನಿಜಕ್ಕೂ ಬಳಲುವವರು. ಅವರು ಕೈಗೂಸುಗಳ ಕೋಣೆಯನ್ನೋ ಮನೆಭೇಟಿಯನ್ನೋ ಮೊದಲೇ ನೋಡಲಿ.

ಕೆಲಸ ಒಪ್ಪಿಕೊಳ್ಳುವ ಮುನ್ನ

ಶಾಲೆಯಾದರೆ, ಒಂದು ಮಗು ಇನ್ನೊಂದನ್ನು ಕಚ್ಚಿದಾಗ ಇಲ್ಲಿ ಏನು ಮಾಡುತ್ತೀರಿ ಎಂದು ಕೇಳಿ. ಬರುವ ಉತ್ತರದಲ್ಲಿ ಆ ಸಂಸ್ಥೆಯ ಇಡೀ ಮನೋಭಾವ ತಿಳಿದುಬಿಡುತ್ತದೆ. ಕಚ್ಚಿದ ಮಗುವನ್ನು ದೂರವಿಡುತ್ತೇವೆ ಎಂದು ಅಲ್ಲಿಗೇ ನಿಲ್ಲಿಸುವ ಕಡೆಗಿಂತ, ಯಾವ ಹೊತ್ತಿನಲ್ಲಿ, ಯಾಕೆ ಕಚ್ಚಿತು ಎಂದು ಹುಡುಕುತ್ತೇವೆ ಎನ್ನುವ ಕಡೆ ನೀವು ಕಲಿಯುತ್ತೀರಿ. ಪಾಠದ ಸಿದ್ಧತೆಗೆ ಸಂಬಳದ ಸಮಯ ಇದೆಯೇ, ಕಳೆದ ವರ್ಷ ಎಷ್ಟು ಜನ ಬಿಟ್ಟುಹೋದರು ಎಂದೂ ಕೇಳಿ. ಮಕ್ಕಳಿಗೆ ಮುಖಗಳು ಪದೇ ಪದೇ ಬದಲಾಗುವುದೇ ದೊಡ್ಡ ಪೆಟ್ಟು.

ಕುಟುಂಬ ಸೇವೆಯಾದರೆ, ಒಬ್ಬರ ಪಾಲಿಗೆ ಎಷ್ಟು ಮನೆಗಳು, ಮೇಲ್ವಿಚಾರಕರೊಂದಿಗೆ ಕೂರುವ ಹೊತ್ತು ಯಾವುದು, ಒಬ್ಬರೇ ಹೋಗಲು ಅಂಜಿಕೆಯಾಗುವ ಮನೆಗೆ ಜೊತೆ ಯಾರು ಬರುತ್ತಾರೆ ಎಂದು ಕೇಳಿ. ಕೆಲಸದ ಹೊತ್ತು ಮುಗಿದ ಮೇಲೆ ಬರುವ ಕರೆಗಳಿಗೆ ಯಾರು ಉತ್ತರಿಸುತ್ತಾರೆ ಎಂಬುದನ್ನೂ ಕೇಳಿ. ಇವುಗಳಿಗೆ ಸ್ಪಷ್ಟ ಉತ್ತರ ಇಲ್ಲದಿದ್ದರೆ ಆ ಭಾರವೆಲ್ಲ ನಿಮ್ಮ ಹೆಗಲಿಗೇ ಬರಲಿದೆ.

ಎಲ್ಲಕ್ಕೂ ಮೊದಲು ಒಂದು ಪೂರ್ತಿ ದಿನ ಅಲ್ಲಿ ಕೂತು ನೋಡಲು ಅನುಮತಿ ಕೇಳಿ. ಮಧ್ಯಾಹ್ನದ ನಂತರದ ಹೊತ್ತನ್ನು ವಿಶೇಷವಾಗಿ ಗಮನಿಸಿ, ಮಕ್ಕಳೂ ದೊಡ್ಡವರೂ ದಣಿದಿರುವ ಹೊತ್ತು ಅದು. ಆಗಲೂ ಸಿಬ್ಬಂದಿ ಮಕ್ಕಳ ಎತ್ತರಕ್ಕೆ ಬಗ್ಗಿ ಮಾತಾಡುತ್ತಿದ್ದರೆ, ಕರೆದೊಯ್ಯಲು ಬಂದ ತಂದೆತಾಯಿಗೆ ಆ ದಿನದ ಒಂದಾದರೂ ನಿರ್ದಿಷ್ಟ ಸಂಗತಿ ಹೇಳುತ್ತಿದ್ದರೆ, ಅರ್ಜಿ ಹಾಕಿ.